ಸೋಗಾನೆಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಎಷ್ಟು ದೂರ?

ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೊರಟಿದ್ದ ನನ್ನ ಅಕ್ಕ ಜಗಲಿಯಲ್ಲಿ ಸೂಟ್‌ಕೇಸ್ ಹರವಿಕೊಂಡು ಕೂತಿದ್ದಳು. ತುಂಬಿದ ಮೇಲೆ ಅದನ್ನು ಅಡಿಕೆ ಚೀಲ ತೂಗುವ ತಕ್ಕಡಿಯ ಕೊಕ್ಕೆಗೆ ಸಿಕ್ಕಿಸಿ ಭಾವ ಮೇಲೆತ್ತಿದರು. 24 ಕಿಲೋ ತೋರಿಸಿತು. ಒಂದು ಕಿಲೋ ಜಾಸ್ತಿ. ಅಪ್ಪೆಮಿಡಿ ಉಪ್ಪಿನಕಾಯಿ ತೆಗೆಯುವುದೋ, ಬಾಣಂತಿ ಲೇಹ್ಯದ ಡಬ್ಬಿ ತೆಗೆಯುವುದೋ ಅಂತ ಚರ್ಚೆ ಶುರುವಾಯಿತು. ಅದರ ನಡುವೆ ಅಕ್ಕ ನನ್ನ ಕಡೆ ತಿರುಗಿ ಕೇಳಿದಳು: "ಅಲ್ಲ ಮಾರಾಯ, ಇಲ್ಲಿಂದ ಅಲ್ಲಿಗೆ ಒಟ್ಟು ಎಷ್ಟು ದೂರ ಆಗ್ತದೆ?"

ಫೋನಿನಲ್ಲಿ ಹುಡುಕಿದೆ. ಶಿವಮೊಗ್ಗದಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಸುಮಾರು 14,000 ಕಿ.ಮೀ. ಹಾರಾಟ 17 ಗಂಟೆ ಅಂತ ಬಂತು. "ಹಾಗಾದ್ರೆ ಇವತ್ತು ಮಧ್ಯಾಹ್ನ ಊಟ ಮಾಡಿ ಹೊರಟ್ರೆ ನಾಳೆ ಬೆಳಿಗ್ಗೆ ಕಾಫಿಗೆ ಅಲ್ಲಿರ್ತೀನಿ" ಅಂದಳು ಅಕ್ಕ. ನಾನೂ ಹೂಂ ಅಂದೆ. ಕೊನೆಗೆ ಅವಳು ಮಗಳ ಮನೆ ಬಾಗಿಲು ತಟ್ಟುವ ಹೊತ್ತಿಗೆ ಒಂದೂವರೆ ದಿನದ ಮೇಲಾಗಿತ್ತು. ಕಾಲು ಊದಿಕೊಂಡಿತ್ತು.

ಆ ಲೆಕ್ಕ ಎಲ್ಲಿ ತಪ್ಪಿತು ಅಂತ ಆಮೇಲೆ ಕೂತು ನೋಡಿದೆ. ಇದು ನಮ್ಮ ಮನೆಯೊಂದರ ವಿಷಯ ಅಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿ, ಕೊಪ್ಪ, ಎಲ್ಲಿ ಹೋದರೂ ಮಗನೋ ಮಗಳೋ ಹೊರದೇಶದಲ್ಲಿರುವ ಮನೆಗಳಿವೆ. ಅರವತ್ತು ದಾಟಿದ ಅಪ್ಪ ಅಮ್ಮ ಈ ದಾರಿ ಹಿಡಿಯುತ್ತಿದ್ದಾರೆ. 2023ರಿಂದ ಶಿವಮೊಗ್ಗದ ಪಕ್ಕದ ಸೋಗಾನೆಯಲ್ಲಿ ವಿಮಾನ ನಿಲ್ದಾಣವೂ ಇದೆ. ಹಾಗಿದ್ದೂ ದಾರಿ ಯಾಕೆ ಇಷ್ಟು ಉದ್ದ ಅನ್ನುವುದನ್ನು ಬಿಡಿಸಿ ನೋಡಬೇಕು.

ಮೊದಲು ಆ 14,000 ಎಲ್ಲಿಂದ ಬರುತ್ತದೆ ನೋಡೋಣ. ಶಾಲೆಯ ಗೋಡೆ ಮೇಲಿನ ನಕ್ಷೆಯಲ್ಲಿ ನಮ್ಮೂರಿಂದ ಅಮೆರಿಕಕ್ಕೆ ಗೆರೆ ಎಳೆದರೆ ಅರಬ್ಬಿ ಸಮುದ್ರ, ಆಫ್ರಿಕಾ, ಅಟ್ಲಾಂಟಿಕ್ ದಾಟಿ ಹೋಗುತ್ತದೆ. ಆದರೆ ಭೂಮಿ ಚಪ್ಪಟೆ ಕಾಗದ ಅಲ್ಲ. ಮನೆಯಲ್ಲಿ ಚಕ್ಕೋತ ಹಣ್ಣಿದ್ದರೆ ಒಂದನ್ನು ಕೈಗೆ ತಗೊಳ್ಳಿ. ತೊಟ್ಟಿನ ಕಡೆ ಉತ್ತರ ಧ್ರುವ ಅಂದುಕೊಳ್ಳಿ. ನಡುವಿಗಿಂತ ಸ್ವಲ್ಪ ಮೇಲೆ ಪೆನ್ನಿನಿಂದ ಒಂದು ಚುಕ್ಕಿ ಇಡಿ, ಅದು ಶಿವಮೊಗ್ಗ. ಹಣ್ಣನ್ನು ಹೆಚ್ಚು ಕಡಿಮೆ ಅರ್ಧ ಸುತ್ತು ತಿರುಗಿಸಿ, ಇನ್ನೂ ಸ್ವಲ್ಪ ಮೇಲೆ ಇನ್ನೊಂದು ಚುಕ್ಕಿ ಇಡಿ, ಅದು ಸ್ಯಾನ್ ಫ್ರಾನ್ಸಿಸ್ಕೋ. ಈಗ ಬಾಳೆ ನಾರೊಂದನ್ನು ಎರಡೂ ಚುಕ್ಕಿಗೆ ತಾಗಿಸಿ ಬಿಗಿಯಾಗಿ ಎಳೆಯಿರಿ. ನಾರು ಹಣ್ಣಿನ ಹೊಟ್ಟೆ ಸುತ್ತಿ ಹೋಗುವುದಿಲ್ಲ. ತಾನಾಗಿ ಮೇಲಕ್ಕೆ ಜಾರಿ ತೊಟ್ಟಿನ ಹತ್ತಿರಕ್ಕೆ ಹೋಗಿ ನಿಲ್ಲುತ್ತದೆ. ಅದೇ ಅತಿ ಹತ್ತಿರದ ದಾರಿ. ನಮ್ಮಿಂದ ಅದು ಪಶ್ಚಿಮಕ್ಕೂ ಹೋಗುವುದಿಲ್ಲ, ಪೂರ್ವಕ್ಕೂ ಹೋಗುವುದಿಲ್ಲ. ಉತ್ತರಕ್ಕೆ ಮುಖ ಮಾಡಿ, ಸ್ವಲ್ಪ ಪೂರ್ವಕ್ಕೆ ವಾಲಿ, ಹಿಮಾಲಯ, ಚೀನಾ, ಸೈಬೀರಿಯಾ ದಾಟಿ, ಆರ್ಕ್ಟಿಕ್ ಅಂಚು ಮುಟ್ಟಿ ಅಲಾಸ್ಕಾ ಕಡೆಯಿಂದ ಕೆಳಗೆ ಇಳಿಯುತ್ತದೆ.

ಈ ಲೆಕ್ಕ ಮಾಡುವಾಗ ಒಂದು ವಿಷಯ ಕಂಡು ಸುಮಾರು ಹೊತ್ತು ಹಾಗೇ ಕೂತಿದ್ದೆ. ಬೆಂಗಳೂರಿನ ಕೆಂಪೇಗೌಡ ನಿಲ್ದಾಣದಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಇರುವ ದೂರವೂ 14,000 ಕಿ.ಮೀ. ಹತ್ತಿರವೇ. ಶಿವಮೊಗ್ಗದಿಂದಲೂ ಅಷ್ಟೇ. ಎರಡಕ್ಕೂ ವ್ಯತ್ಯಾಸ ಹತ್ತು ಕಿಲೋಮೀಟರೂ ಇಲ್ಲ. ಅಂದರೆ ಅಕ್ಕ ರಾತ್ರಿಯೆಲ್ಲ ನಿದ್ದೆಗೆಟ್ಟು ಬೆಂಗಳೂರಿನ ತನಕ ಹೋದಳಲ್ಲ, ಅಷ್ಟು ಹೋಗಿಯೂ ಮಗಳ ಮನೆಗೆ ಒಂದಿಷ್ಟೂ ಹತ್ತಿರ ಆಗಲಿಲ್ಲ. ದೊಡ್ಡ ವಿಮಾನ ಅಲ್ಲಿ ಸಿಗುತ್ತದೆ ಅಂತ ಹೋಗಿದ್ದು, ಅಷ್ಟೇ.

ಹಾಗಂತ ವಿಮಾನವೂ ಆ ಬಾಳೆ ನಾರಿನ ದಾರಿಯಲ್ಲೇ ಹೋಗುವುದಿಲ್ಲ. ನಡುವೆ ಟಿಬೆಟ್ ಇದೆ. ವಿಮಾನದ ಒಳಗಿನ ಗಾಳಿಯ ಒತ್ತಡ ಹಠಾತ್ತನೆ ಬಿದ್ದುಹೋದರೆ ಪೈಲಟ್ ಬೇಗ 3,000 ಮೀಟರ್ ಎತ್ತರಕ್ಕೆ ಇಳಿಸಬೇಕು. ಅಲ್ಲಿ ಜನ ತಮ್ಮಷ್ಟಕ್ಕೆ ಉಸಿರಾಡಬಹುದು. ಸೀಟಿನ ಮೇಲಿಂದ ಬೀಳುವ ಮಾಸ್ಕಿನ ಆಮ್ಲಜನಕ ಸಾಮಾನ್ಯವಾಗಿ ಕೆಲವೇ ನಿಮಿಷಗಳಿಗೆ ಸಾಕಾಗುವಷ್ಟು. ಆದರೆ ಟಿಬೆಟ್ಟಿನ ನೆಲವೇ ಸರಾಸರಿ 4,500 ಮೀಟರ್ ಎತ್ತರದಲ್ಲಿದೆ. ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್. ಎರಡು ಮುಳ್ಳಯ್ಯನಗಿರಿ ಒಂದರ ಮೇಲೊಂದು ಇಟ್ಟರೂ ಆ ನೆಲಕ್ಕೆ ತಲೆ ತಾಗುವುದಿಲ್ಲ. ಇಳಿಯೋಣ ಅಂದರೆ ಜಾಗವೇ ಇಲ್ಲ, ಅಲ್ವಾ? ಅದಕ್ಕೇ ಹೆಚ್ಚಿನ ವಿಮಾನಗಳು ಅದನ್ನು ಬಿಟ್ಟು ಸುತ್ತಿಕೊಂಡು ಹೋಗುತ್ತವೆ.

ಗಾಳಿಯ ಲೆಕ್ಕ ಬೇರೆ. ಭೂಮಿಯ ಉತ್ತರ ಭಾಗದಲ್ಲಿ 10, 12 ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ನದಿಯ ಹಾಗೆ ಗಾಳಿ ಹರಿಯುತ್ತಿರುತ್ತದೆ. ಚಳಿಗಾಲದಲ್ಲಿ ಅದರ ವೇಗ ಗಂಟೆಗೆ 200 ಕಿ.ಮೀ. ದಾಟುವುದೂ ಇದೆ. ಆ ಗಾಳಿ ಬೆನ್ನಿಗಿದ್ದರೆ ವಿಮಾನ ಬೇಗ ಮುಟ್ಟುತ್ತದೆ, ಎದುರಿದ್ದರೆ ತಡ. ಅದಕ್ಕೇ ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗುವಾಗ 16 ಗಂಟೆ ಆಸುಪಾಸು, ಬರುವಾಗ 17 ದಾಟುತ್ತದೆ. ಮಳೆಗಾಲದಲ್ಲಿ ನಮ್ಮ ದಕ್ಷಿಣ ಭಾರತದ ನೆತ್ತಿಯ ಮೇಲೆ ಇಂಥದ್ದೇ ಇನ್ನೊಂದು ಗಾಳಿ ಪೂರ್ವದಿಂದ ಪಶ್ಚಿಮಕ್ಕೆ ಬೀಸುತ್ತದೆ. ಕೆಳಗೆ ಆಗುಂಬೆಗೆ ಮಳೆ ತರುವ ಗಾಳಿ ಪಶ್ಚಿಮದಿಂದ ಬರುತ್ತಿರುವಾಗ ಮೇಲೆ ಅದಕ್ಕೆ ತದ್ವಿರುದ್ಧ ಗಾಳಿ. ಈ ಪೂರ್ವದ ಗಾಳಿಯನ್ನು ವಿವರಿಸಿದವರು ನಮ್ಮದೇ ಹವಾಮಾನ ಇಲಾಖೆಯ ಪಿ. ಕೋಟೇಶ್ವರಂ, 1958ರಲ್ಲಿ. ಅಡಿಕೆಗೆ ಬೋರ್ಡೋ ಔಷಧಿ ಹೊಡೆಯುವ ದಿನಗಳಲ್ಲಿ ಮೋಡದ ಆಚೆ ಇಂಥದ್ದೊಂದು ನಡೆಯುತ್ತಿರುತ್ತದೆ ಅಂತ ಗೊತ್ತಾದಾಗ ನನಗೆ ನಿಜಕ್ಕೂ ಖುಷಿಯಾಯಿತು.

ಮೂರನೆಯದು ದೇಶಗಳ ಜಗಳ. 2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್ ದಾಳಿಯ ನಂತರ ಪಾಕಿಸ್ತಾನ ನಮ್ಮ ವಿಮಾನಗಳಿಗೆ ತನ್ನ ಆಕಾಶ ಮುಚ್ಚಿತು. ನಾವೂ ಅವರ ವಿಮಾನಗಳಿಗೆ ಮುಚ್ಚಿದೆವು. ಆಮೇಲೆ ತಿಂಗಳು ತಿಂಗಳಿಗೂ ಆ ನಿಷೇಧ ಮುಂದುವರಿಯುತ್ತಾ ಬಂತು. ದೆಹಲಿಯಿಂದ ಯುರೋಪು, ಅಮೆರಿಕಕ್ಕೆ ಹೋಗುವ ನಮ್ಮ ವಿಮಾನಗಳು ದಕ್ಷಿಣಕ್ಕೆ ಸುತ್ತು ಹಾಕಬೇಕಾಯಿತು. ಕೆಲವು ನಡುದಾರಿಯಲ್ಲಿ ಯುರೋಪಿನಲ್ಲಿ ಇಳಿದು ಇಂಧನ ತುಂಬಿಸಿಕೊಂಡವು. ಎರಡು ಊರಿನ ನಡುವಿನ ದೂರ ಒಂದಿಂಚೂ ಬದಲಾಗಿಲ್ಲ. ಸಮಯ ಮಾತ್ರ ಜಾಸ್ತಿಯಾಯಿತು. ಇಂಧನಕ್ಕೆ ಹೆಚ್ಚು ಹಣ, ಟಿಕೆಟ್ಟಿಗೆ ಹೆಚ್ಚು ಹಣ.

ಫೋನಿನಲ್ಲಿ ಸಿಗುವ "ಹಾರಾಟದ ಸಮಯ" ಇದ್ಯಾವುದನ್ನೂ ನೋಡುವುದಿಲ್ಲ. ನಾರು ಎಳೆದ ದೂರವನ್ನು ಗಂಟೆಗೆ 800ರಿಂದ 900 ಕಿ.ಮೀ. ವೇಗದಿಂದ ಭಾಗಿಸಿ, ಏರುವುದಕ್ಕೆ ಇಳಿಯುವುದಕ್ಕೆ ಒಂದರ್ಧ ಗಂಟೆ ಸೇರಿಸಿ ಮುಂದಿಡುತ್ತದೆ. ಶಿವಮೊಗ್ಗದಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹಾಗೆ ಒಂದೇ ಹಾರಾಟದಲ್ಲಿ ಹೋಗುವ ವಿಮಾನವೇ ಇಲ್ಲ. ಇಲ್ಲದ ವಿಮಾನದ ಸಮಯ ಅದು. ನಾನು ಅಕ್ಕನಿಗೆ ಹೇಳಿದ್ದು ಅದನ್ನೇ.

ಗಡಿಯಾರ ಇನ್ನಷ್ಟು ಗೊಂದಲ ಮಾಡುತ್ತದೆ. ಚಳಿಗಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. ಬೇಸಿಗೆಯಲ್ಲಿ ಅವರು ಗಡಿಯಾರ ಮುಂದೆ ತಿರುಗಿಸುವುದರಿಂದ ಹನ್ನೆರಡೂವರೆ. ಚಳಿಗಾಲದಲ್ಲಿ ಮಧ್ಯಾಹ್ನ ಎರಡೂವರೆಗೆ ಬೆಂಗಳೂರು ಬಿಟ್ಟು 16 ಗಂಟೆ ಹಾರಿದರೆ ಅಲ್ಲಿ ಇಳಿಯುವಾಗ ಅದೇ ದಿನ ಸಂಜೆ ಐದು. ಟಿಕೆಟ್ ನೋಡಿದವರು ಎರಡೂವರೆ ಗಂಟೆ ಪ್ರಯಾಣ ಅಂದುಕೊಂಡರೆ ಅವರ ತಪ್ಪಲ್ಲ. ಬರುವಾಗ ಉಲ್ಟಾ. ಶುಕ್ರವಾರ ರಾತ್ರಿ ಹೊರಟವರು ಇಲ್ಲಿ ಇಳಿಯುವುದು ಭಾನುವಾರ ನಸುಕಿಗೆ. ಶನಿವಾರ ಎಲ್ಲಿ ಹೋಯಿತು ಅಂತ ಹುಡುಕಬೇಕು. ಸಕ್ಕರೆ ಕಾಯಿಲೆಗೆ ಹೊತ್ತು ಹೊತ್ತಿಗೆ ಮಾತ್ರೆ ತಗೊಳ್ಳುವವರಿಗೆ ಇದು ಸಣ್ಣ ವಿಷಯವಲ್ಲ. ಹೊರಡುವ ಮೊದಲು ಡಾಕ್ಟರ ಹತ್ತಿರ ಗಂಟೆ ಲೆಕ್ಕದಲ್ಲಿ ಬರೆಸಿಕೊಳ್ಳಬೇಕು.

2021ರ ಜನವರಿಯಲ್ಲಿ ಏರ್ ಇಂಡಿಯಾ ಬೆಂಗಳೂರು, ಸ್ಯಾನ್ ಫ್ರಾನ್ಸಿಸ್ಕೋ ನಡುವೆ ನೇರ ವಿಮಾನ ಹಾರಿಸಿತು. ಸ್ಯಾನ್ ಫ್ರಾನ್ಸಿಸ್ಕೋದಿಂದ ಬಂದ ಮೊದಲ ವಿಮಾನವನ್ನು ಉತ್ತರ ಧ್ರುವದ ಮೇಲಿಂದ ನಡೆಸಿಕೊಂಡು ಬಂದವರು ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಮತ್ತವರ ತಂಡ. ಕಾಕ್‌ಪಿಟ್‌ನಲ್ಲಿ ಎಲ್ಲರೂ ಹೆಣ್ಣುಮಕ್ಕಳೇ. ಆದರೆ ಇಂಥ ನೇರ ವಿಮಾನ ಎಲ್ಲ ಕಾಲಕ್ಕೂ, ಎಲ್ಲ ದಿನವೂ ಸಿಗುವುದಿಲ್ಲ. ಇಷ್ಟು ದೂರಕ್ಕೆ ವಿಮಾನ ಹೊರುವ ಇಂಧನವೇ ಲಕ್ಷ ಲೀಟರ್ ದಾಟುತ್ತದೆ. ಆ ಇಂಧನವನ್ನು ಹೊರುವುದಕ್ಕೇ ಇನ್ನಷ್ಟು ಇಂಧನ ಬೇಕು. ಸೀಟು ತುಂಬದಿದ್ದರೆ ಕಂಪನಿಗೆ ಗಿಟ್ಟುವುದಿಲ್ಲ.

ನೇರ ವಿಮಾನ ಸಿಗದಿದ್ದರೆ ದುಬೈಯೋ ದೋಹಾವೋ ಸಿಂಗಪುರವೋ. ದುಬೈ ಮೇಲೆ ಹೋದರೆ ಬೆಂಗಳೂರಿನಿಂದ ಅಲ್ಲಿಗೆ ಸುಮಾರು 2,700 ಕಿ.ಮೀ., ಅಲ್ಲಿಂದ ಮುಂದೆ ಸುಮಾರು 13,000. ಒಟ್ಟು 15,700. ನೇರ ದಾರಿಗಿಂತ 1,700 ಕಿ.ಮೀ. ಜಾಸ್ತಿ, ವಿಮಾನಕ್ಕೆ ಅದು ಎರಡು ಗಂಟೆಯ ಮಾತು. ಆದರೆ ಇಳಿದು, ಮತ್ತೆ ತಪಾಸಣೆ ಆಗಿ, ಕಾದು, ಹತ್ತಿ ಹೋಗುವ ಹೊತ್ತಿಗೆ ಒಟ್ಟು ಪ್ರಯಾಣ ಐದಾರು ಗಂಟೆ ಬೆಳೆದಿರುತ್ತದೆ. ಕಿಲೋಮೀಟರ್ ಕಾಲನ್ನು ನೋಯಿಸುವುದಿಲ್ಲ, ಕಾಯುವುದು ನೋಯಿಸುತ್ತದೆ.

ಈ ಮಾತು ಶರಾವತಿ ಹಿನ್ನೀರಿನ ಆಚೆಯ ತುಮರಿ ಕಡೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರು ತುಂಬಿದಾಗಿನಿಂದ ಅವರಿಗೆ ಆಚೆ ದಡ ಕಣ್ಣಿಗೆ ಕಾಣುವಷ್ಟು ಹತ್ತಿರ. ಆದರೆ ಲಾಂಚ್ ಬರಬೇಕಿತ್ತು. ಕತ್ತಲಾದ ಮೇಲೆ ಲಾಂಚ್ ಇರಲಿಲ್ಲ. ಹೆರಿಗೆ ನೋವಿರಲಿ, ಹಾವು ಕಚ್ಚಿರಲಿ, ಸುತ್ತಿ ಬಳಸಿ ಹೋಗಬೇಕಿತ್ತು. 2025ರ ಜುಲೈ 14ರಂದು ಸಿಗಂದೂರು ಸೇತುವೆ ಉದ್ಘಾಟನೆಯಾಯಿತು. ಈಗ ಕಾರು ಕೆಲವೇ ನಿಮಿಷದಲ್ಲಿ ದಾಟುತ್ತದೆ. ದಡ ಮೊದಲೂ ಅಲ್ಲೇ ಇತ್ತು, ಈಗಲೂ ಅಲ್ಲೇ ಇದೆ.

ಸೋಗಾನೆಯ ನಿಲ್ದಾಣವನ್ನು ನಾನು ಆ ಲಾಂಚಿನ ಹಾಗೆ ನೋಡುತ್ತೇನೆ.

ಶಿವಮೊಗ್ಗ, ಭದ್ರಾವತಿ ನಡುವೆ ಕಟ್ಟಿದ ರಾಷ್ಟ್ರಕವಿ ಕುವೆಂಪು ವಿಮಾನ ನಿಲ್ದಾಣ 2023ರ ಫೆಬ್ರುವರಿ 27ರಂದು ಉದ್ಘಾಟನೆಯಾಯಿತು. ಅದೇ ವರ್ಷ ಆಗಸ್ಟ್ 31ಕ್ಕೆ ಬೆಂಗಳೂರಿನಿಂದ ಮೊದಲ ಪ್ರಯಾಣಿಕರ ವಿಮಾನ ಬಂತು. ನವೆಂಬರ್‌ನಲ್ಲಿ ಸಣ್ಣ ಊರುಗಳಿಗೆ ವಿಮಾನ ತರುವ ಕೇಂದ್ರ ಸರ್ಕಾರದ ಉಡಾನ್ ಯೋಜನೆಯಡಿ ಹೈದರಾಬಾದ್, ತಿರುಪತಿ, ಗೋವಾ ಕಡೆಗೂ ಶುರುವಾಯಿತು. ರನ್‌ವೇ 3.2 ಕಿ.ಮೀ. ಉದ್ದ. ಏರ್‌ಬಸ್, ಬೋಯಿಂಗ್‌ನ ಮಧ್ಯಮ ಗಾತ್ರದ ವಿಮಾನ ಇಳಿಯುವಷ್ಟಿದೆ. ನೆಲದ ಕೆಲಸ ಚೆನ್ನಾಗಿಯೇ ಆಗಿದೆ.

ಸೋಗಾನೆಯಿಂದ ಕೆಂಪೇಗೌಡ ನಿಲ್ದಾಣಕ್ಕೆ ಆಕಾಶದಲ್ಲಿ ಸುಮಾರು 240 ಕಿ.ಮೀ. ಈ ದಾರಿಯಲ್ಲಿ ಓಡಿದ ಎಟಿಆರ್, ಅಂದರೆ ರೆಕ್ಕೆಗೊಂದರಂತೆ ಎರಡು ಫ್ಯಾನ್ ಇರುವ ವಿಮಾನ, ಗಂಟೆಗೆ 500 ಕಿ.ಮೀ. ಹೋಗುತ್ತದೆ. ಅರ್ಧ ಗಂಟೆಯ ದಾರಿ. ಟಿಕೆಟ್ಟಿನಲ್ಲಿ ಮಾತ್ರ ಒಂದು ಗಂಟೆಯ ಮೇಲೆ ಬರೆದಿರುತ್ತದೆ. ಅದು ಮೋಸ ಅಲ್ಲ. ವಿಮಾನ ನಿಂತ ಜಾಗದಿಂದ ಕದಲಿದ ಕ್ಷಣದಿಂದ ಇನ್ನೊಂದು ಕಡೆ ನಿಲ್ಲುವ ತನಕ ಅವರು ಲೆಕ್ಕ ಹಿಡಿಯುತ್ತಾರೆ. ಬೆಂಗಳೂರಿನಲ್ಲಿ ಇಳಿಯಲು ಸರದಿ ಇರುತ್ತದೆ, ಇಳಿದ ಮೇಲೆ ನೆಲದಲ್ಲೇ ತುಂಬಾ ದೂರ ಓಡಬೇಕಾಗುತ್ತದೆ.

ಈಗ ನಮ್ಮ ಮನೆಯ ಲೆಕ್ಕ ಹಾಕಿ ನೋಡಿ. ತೀರ್ಥಹಳ್ಳಿ ಹತ್ತಿರದ ನಮ್ಮ ಹಳ್ಳಿಯಿಂದ ದೇವನಹಳ್ಳಿಗೆ ಕಾರಿನಲ್ಲಿ ಹೋದರೆ ಊಟ ತಿಂಡಿಗೆ ನಿಲ್ಲಿಸಿ ಎಂಟು ಗಂಟೆ. ಅಲ್ಲಿ ಮೂರು ಗಂಟೆ ಮೊದಲು ಇರಬೇಕು. ಅಂದರೆ ದೊಡ್ಡ ವಿಮಾನ ನೆಲ ಬಿಡುವ ಮೊದಲೇ ಹನ್ನೊಂದು ಗಂಟೆ ಕಳೆದಿರುತ್ತದೆ. ಮುಂದಿನ 14,000 ಕಿ.ಮೀ.ಗೆ 16 ಗಂಟೆ. ಮೊದಲ 360 ಕಿ.ಮೀ.ಗೆ 11 ಗಂಟೆ!

ಸೋಗಾನೆಯಿಂದ ಹಾರಿದರೆ ಇದು ಕಡಿಮೆಯಾಗಬೇಕು. ಮನೆಯಿಂದ ಸೋಗಾನೆಗೆ ಎರಡು ಗಂಟೆ, ಅಲ್ಲಿ ಒಂದೂವರೆ ಗಂಟೆ ಮೊದಲು ಇರಬೇಕು, ಹಾರಾಟ ಒಂದೂಕಾಲು. ಐದು ಗಂಟೆಗೆ ಬೆಂಗಳೂರಿನಲ್ಲಿ ಇಳಿದಿರುತ್ತೀರಿ. ಮೂರು ಗಂಟೆ ಉಳಿಯಿತು ಅನ್ನಿ. ಆದರೆ ಆ ಮೂರು ಗಂಟೆ ಕೈಗೆ ಸಿಗುವುದಿಲ್ಲ. ಸಣ್ಣ ವಿಮಾನ ಹಗಲು ಹೊತ್ತಿನದು. ಗಲ್ಫ್, ಯುರೋಪ್ ಕಡೆಯ ಬಹಳಷ್ಟು ವಿಮಾನ ಬೆಂಗಳೂರು ಬಿಡುವುದು ರಾತ್ರಿ ಅಥವಾ ನಸುಕಿನಲ್ಲಿ. ಮಧ್ಯಾಹ್ನ ಇಳಿದವರು ಹತ್ತು ಹನ್ನೆರಡು ಗಂಟೆ ಟರ್ಮಿನಲ್‌ನಲ್ಲಿ ಸುಮ್ನೆ ಕೂರಬೇಕು. ಎರಡು ಟಿಕೆಟ್ ಬೇರೆ ಬೇರೆ ತಗೊಂಡಿದ್ದರೆ ಲಗೇಜು ತಾವೇ ಬಿಡಿಸಿಕೊಂಡು ಮತ್ತೆ ಕೊಡಬೇಕು. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಹಣ ನಿಮ್ಮದೇ ಹೋಯಿತು. ಇನ್ನೊಂದಿದೆ. ದೇಶದೊಳಗಿನ ಟಿಕೆಟ್ಟಿಗೆ ಸಾಮಾನ್ಯವಾಗಿ 15 ಕಿಲೋ ಲಗೇಜು, ಅಮೆರಿಕದ ಟಿಕೆಟ್ಟಿಗೆ ಬಹಳ ಸಲ 23 ಕಿಲೋದ ಎರಡು. ಜಗಲಿಯಲ್ಲಿ ತೂಗಿ ತೂಗಿ 23ಕ್ಕೆ ಇಳಿಸಿದ ಅಕ್ಕನ ಎರಡು ಸೂಟ್‌ಕೇಸ್ ಸೋಗಾನೆಯಲ್ಲೇ 31 ಕಿಲೋ ಹೆಚ್ಚಾಗುತ್ತಿತ್ತು. ಎರಡೂ ಹಾರಾಟ ಒಂದೇ ಟಿಕೆಟ್ಟಿನಲ್ಲಿದ್ದರೆ ಸಾಮಾನ್ಯವಾಗಿ ಈ ತೊಂದರೆ ಇರುವುದಿಲ್ಲ.

ಮಳೆಯ ಮಾತು ಬೇರೆಯೇ. ಶುರುವಾದ ಮೊದಲ ವರ್ಷಗಳಲ್ಲಿ ಮಂಜು, ಮೋಡ ಕವಿದು ಸೋಗಾನೆಗೆ ಬಂದ ವಿಮಾನ ತಡವಾಗಿದ್ದೂ ಇದೆ, ಇಳಿಯಲಾಗದೆ ವಾಪಸ್ ಹೋಗಿದ್ದೂ ಇದೆ. ಪೈಲಟ್ ಬರೀ ಕಣ್ಣಳತೆಯಲ್ಲಿ ಇಳಿಸಬೇಕಾದರೆ ನಿಯಮದ ಪ್ರಕಾರ ಸಾಮಾನ್ಯವಾಗಿ 5 ಕಿ.ಮೀ. ದೂರದ ತನಕ ಕಾಣುತ್ತಿರಬೇಕು. ಐಎಲ್‌ಎಸ್ ಅನ್ನುವ ವ್ಯವಸ್ಥೆ ಇದ್ದರೆ ನೆಲದಿಂದ ಬರುವ ರೇಡಿಯೋ ಸಂಕೇತ ಹಿಡಿದು ವಿಮಾನ ರನ್‌ವೇ ಸಾಲಿಗೆ ಬರುತ್ತದೆ. ಅದರ ಮೊದಲ ದರ್ಜೆಗೇ, ಬೇಕಾದ ದೀಪಗಳಿದ್ದರೆ, 550 ಮೀಟರ್ ಕಂಡರೆ ಸಾಕು. 5 ಕಿ.ಮೀ. ಎಲ್ಲಿ, ಅರ್ಧ ಕಿ.ಮೀ. ಎಲ್ಲಿ! ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮಲ್ಲಿ ಎಷ್ಟು ದಿನ 5 ಕಿ.ಮೀ. ಕಾಣುತ್ತದೆ ಅಂತ ಮಲೆನಾಡಿನವರನ್ನು ಕೇಳಬೇಕಾ? ಕೆಲವು ಬೆಳಿಗ್ಗೆ ಅಂಗಳದ ಆಚೆಯ ಅಡಿಕೆ ತೋಟ ಕಾಣುವುದಿಲ್ಲ.

ಊರಲ್ಲಿ ಈ ನಿಲ್ದಾಣದ ಮಾತು ಬಂದಾಗೆಲ್ಲ ಜನ ಕೇಳುವುದು ಶಿವಮೊಗ್ಗದಿಂದ ದುಬೈಗೆ ನೇರ ವಿಮಾನ ಯಾವಾಗ ಅಂತ. ಆಸೆ ತಪ್ಪಲ್ಲ. ಆದರೆ ನಾವು ಮೊದಲು ಪಟ್ಟು ಹಿಡಿದು ಕೇಳಬೇಕಾದ್ದು ಬೇರೆ ಅಂತ ನನ್ನ ಅಭಿಪ್ರಾಯ. ಮಂಜಿನಲ್ಲೂ ಕತ್ತಲಲ್ಲೂ ಇಳಿಯುವ ವ್ಯವಸ್ಥೆ ಪೂರ್ತಿ ನಂಬುವ ಹಾಗಿರಬೇಕು. ಸಂಜೆ ಹೊರಟು ಬೆಂಗಳೂರಿನ ರಾತ್ರಿ ವಿಮಾನಗಳಿಗೆ ಹೊಂದುವ ಒಂದು ವಿಮಾನ ಬೇಕು. ನಸುಕಿನಲ್ಲಿ ಬಂದಿಳಿದವರನ್ನು ಬೆಳಿಗ್ಗೆಯೇ ಊರಿಗೆ ತರುವ ಇನ್ನೊಂದು ಬೇಕು. ಸೋಗಾನೆಯಲ್ಲಿ ಕೊಟ್ಟ ಸೂಟ್‌ಕೇಸ್ ಆಚೆ ಕೊನೆಯಲ್ಲಿ ಸಿಗುವ ಹಾಗೆ ಒಂದೇ ಟಿಕೆಟ್ ಬೇಕು. ಇಷ್ಟಾದರೆ ಹನ್ನೊಂದು ಗಂಟೆ ಎಂಟಕ್ಕೆ ಇಳಿಯುತ್ತದೆ. ಅದಕ್ಕಿಂತ ಹೆಚ್ಚಾಗಿ, ಮಂಡಿ ನೋವಿನ ಮುದುಕರು ರಾತ್ರಿಯಿಡೀ ಕಾರಿನಲ್ಲಿ ಕಾಲು ಮಡಚಿ ಕೂರುವುದು ತಪ್ಪುತ್ತದೆ. ನೇರ ದುಬೈ ವಿಮಾನ ಬಂದು ಸೀಟು ತುಂಬದೆ ಆರು ತಿಂಗಳಿಗೆ ನಿಂತುಹೋದರೆ ನಮಗೇನು ಸಿಕ್ಕ ಹಾಗಾಯಿತು?

ಸಂಜೆ ವಿಮಾನಕ್ಕೆ ಜನ ಬರುತ್ತಾರಾ ಅನ್ನುವುದು ಕಂಪನಿಗಳ ಪ್ರಶ್ನೆ. ಅದೂ ನ್ಯಾಯವೇ. ಶಿವಮೊಗ್ಗದಿಂದ ಬೆಂಗಳೂರಿಗೆ ಒಳ್ಳೆಯ ರೈಲುಗಳಿವೆ. ಜನಶತಾಬ್ದಿ ಐದು ಗಂಟೆಯೊಳಗೆ ಮುಟ್ಟಿಸುತ್ತದೆ, ಟಿಕೆಟ್ಟಿನ ಬೆಲೆ ವಿಮಾನದ್ದಕ್ಕೆ ಹೋಲಿಸಿದರೆ ಏನೂ ಅಲ್ಲ. ಬೆಂಗಳೂರು ನಗರಕ್ಕೇ ಹೋಗುವವರಿಗೆ ನಾನೂ ರೈಲನ್ನೇ ಹೇಳುತ್ತೇನೆ. ದೇವನಹಳ್ಳಿಯಿಂದ ಪೇಟೆಗೆ ಬರುವಷ್ಟರಲ್ಲಿ ಉಳಿಸಿದ ಹೊತ್ತೆಲ್ಲ ಹೋಗಿರುತ್ತದೆ. ಸೋಗಾನೆಯ ವಿಮಾನದಿಂದ ನಿಜವಾದ ಉಪಯೋಗ ಇರುವುದು ಬೆಂಗಳೂರಿನಿಂದ ಮುಂದೆ ಹಾರುವವರಿಗೆ. ಅವರ ಹೊತ್ತಿಗೆ ಅದು ಹಾರದಿದ್ದರೆ ಸೀಟು ಹೇಗೆ ತುಂಬುತ್ತದೆ?

ಅಕ್ಕ ವಾಪಸ್ ಬರುವುದು ಜುಲೈನಲ್ಲಿ. ನಸುಕಿನ ಎರಡೂವರೆಗೆ ಬೆಂಗಳೂರಿನಲ್ಲಿ ಇಳಿಯುತ್ತಾಳೆ. ಸೋಗಾನೆ ವಿಮಾನದ ಟಿಕೆಟ್ ಮಾಡಲಾ ಅಂತ ಅಕ್ಕನ ಮಗಳು ಫೋನಿನಲ್ಲಿ ಕೇಳಿದಳು. ಭಾವ ಹೊರಗೆ ನೋಡಿದರು. ಇನ್ನೂ ಜೂನ್ ಮೊದಲ ವಾರ. ಆಗಲೇ ಗುಡ್ಡದ ಅರ್ಧ ಮೋಡದೊಳಗಿತ್ತು. "ಬೇಡ, ಕಾರು ತಗೊಂಡು ನಾವೇ ಹೋಗ್ತೀವಿ. ಹಿಂದಿನ ದಿನ ಮಧ್ಯಾಹ್ನವೇ ಹೊರಡೋದು" ಅಂದರು. ನಾನು ಕ್ಯಾಲೆಂಡರಿನಲ್ಲಿ ಅದನ್ನೇ ಬರೆದಿಟ್ಟಿದ್ದೇನೆ.